ಮೊಮ್ಮಗಳ ಐದನೆಯ ವಾಕ್ಯ

ಕಳೆದ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಈಸಿಚೇರಿನಲ್ಲಿ ಕಣ್ಣು ಮುಚ್ಚಿದ್ದೆ. ಇನ್ನೇನು ಜೊಂಪು ಹತ್ತಬೇಕು, ಅಷ್ಟರಲ್ಲಿ ಏಳನೇ ತರಗತಿಯ ಮೊಮ್ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದು ಬಂದು ನಿಂತಳು.

"ತಾತ, ರೆಕಗ್ನೈಸ್ ಅಂದ್ರೆ ಏನು?"

"ಗುರುತಿಸು ಅಂತ."

"ಅಷ್ಟು ನಂಗೂ ಗೊತ್ತು. ಆ ಪದ ಹಾಕಿ ಐದು ವಾಕ್ಯ ಬರ್ಕೊಂಡು ಬನ್ನಿ ಅಂದಿದ್ದಾರೆ ಮಿಸ್ಸು. ಐದರಲ್ಲೂ ಅರ್ಥ ಬೇರೆ ಬೇರೆ ಇರಬೇಕಂತೆ."

ನಾನು ಇಂಗ್ಲಿಷ್ ಪಂಡಿತನಲ್ಲ. ಓದಿದ್ದು ಬಿ.ಕಾಂ. 1974ರಿಂದ 2011ರವರೆಗೆ ಬ್ಯಾಂಕಿನಲ್ಲಿ ಗುಮಾಸ್ತ. ಆಫೀಸರ್ ಆದರೆ ಊರೂರು ಅಲೆಯಬೇಕಲ್ಲ ಅಂತ ಎರಡು ಸಲ ಬಡ್ತಿ ಬೇಡ ಅಂದವನು. ನನ್ನ ಇಂಗ್ಲಿಷ್ ಏನಿದ್ದರೂ ಪಾಸ್‌ಬುಕ್ಕು, ಓಚರು, "ವಿಷಾದದಿಂದ ತಿಳಿಸುವುದೇನೆಂದರೆ" ಎಂಬ ಪತ್ರಗಳು, ಅಷ್ಟರದ್ದೇ. ಆದರೂ ಮೊಮ್ಮಗಳ ಮುಂದೆ ಗೊತ್ತಿಲ್ಲ ಅನ್ನಲು ಯಾವ ತಾತನಿಗೆ ಮನಸ್ಸು ಬರುತ್ತದೆ ಹೇಳಿ? ಬೀರುವಿನ ಮೇಲಿಂದ ನನ್ನ ಹಳೆಯ ಡಿಕ್ಷನರಿ ಇಳಿಸಿದೆವು. ಹೊಲಿಗೆ ಬಿಟ್ಟಿದೆ, 'ಎ' ಅಕ್ಷರದ ಮೊದಲ ಪುಟಗಳನ್ನು ಗೆದ್ದಲು ತಿಂದಿದೆ. ಅದೃಷ್ಟಕ್ಕೆ 'ಆರ್' ಕ್ಷೇಮವಾಗಿತ್ತು.

ಮೊದಲು ಸ್ಪೆಲ್ಲಿಂಗ್. ಪುಟ್ಟಿ 'ಜಿ' ಅಕ್ಷರವನ್ನೇ ಬಿಟ್ಟು ಬರೆದಿದ್ದಳು. ಎಷ್ಟೋ ಜನ ಮಾತಾಡುವಾಗ 'ರೆಕನೈಸ್' ಅಂತಲೇ ಅನ್ನುತ್ತಾರೆ, ಹಾಗಾಗಿ ತಪ್ಪುವುದು ಸಹಜ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಇದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು. ಮೂರು ಸಲ ಚಪ್ಪಾಳೆ ತಟ್ಟಬೇಕು. ರೆ, ಒಂದು ಚಪ್ಪಾಳೆ. ಕಾಗ್, ಇನ್ನೊಂದು. ನೈಸ್, ಮತ್ತೊಂದು. 'ಕಾಗ್' ಅಂದರೆ ಚಕ್ರದ ಹಲ್ಲು. ಹಲ್ಲು ಬಿದ್ದರೆ ಚಕ್ರ ತಿರುಗದು, 'ಜಿ' ಬಿದ್ದರೆ ಪದ ನಿಲ್ಲದು, ಅನ್ನುತ್ತಿದ್ದರು. ಅರವತ್ತು ವರ್ಷವಾಯಿತು, ಇವತ್ತಿಗೂ ಈ ಪದ ಬರೆಯುವಾಗ ನನ್ನ ಎಡಗೈ ತೊಡೆಯ ಮೇಲೆ ಮೂರು ಸಲ ತಟ್ಟುತ್ತದೆ. ಇನ್ನು ಕೊನೆಯಲ್ಲಿ 'ಎಸ್' ಬರೆಯಬೇಕೋ 'ಜೆಡ್' ಬರೆಯಬೇಕೋ ಎಂಬ ಜಗಳ. 'ಜೆಡ್' ಅಮೆರಿಕದವರದು ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಇಂಗ್ಲೆಂಡಿನ ಆಕ್ಸ್‌ಫರ್ಡ್ ಡಿಕ್ಷನರಿಯವರಿಗೂ 'ಜೆಡ್ಡೇ' ಇಷ್ಟ. ಎರಡೂ ಸರಿ. ಒಂದೇ ಉತ್ತರಪತ್ರಿಕೆಯಲ್ಲಿ ಎರಡನ್ನೂ ಬೆರೆಸಬಾರದು, ಅಷ್ಟೆ.

ಆ 'ಜಿ' ಅಲ್ಲಿ ಸುಮ್ಮನೆ ಬಂದು ಕೂತಿಲ್ಲ ಮಕ್ಕಳೇ. ಈ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ 'ರೆ' ಅಂದರೆ ಮತ್ತೆ, 'ಕಾಗ್ನೋ' ಅಂತ ಶುರುವಾಗುವ ಉಳಿದ ಭಾಗಕ್ಕೆ ತಿಳಿ ಎಂಬ ಅರ್ಥ. ಮೊದಲೊಮ್ಮೆ ತಿಳಿದದ್ದನ್ನು ಮತ್ತೆ ತಿಳಿಯುವುದೇ ರೆಕಗ್ನೈಸ್. ಇಂಗ್ಲಿಷಿನ 'ನೋ' ಎಂಬ ಕ್ರಿಯಾಪದದ ಮುಂದೆ ಉಚ್ಚಾರವಿಲ್ಲದ 'ಕೆ' ಒಂದು ಕೂತಿರುತ್ತದಲ್ಲ, ಅದೂ ಈ 'ಗ್ನೋ'ವಿನ ಸಂಬಂಧಿಕನೇ. ನಮ್ಮ 'ಜ್ಞಾನ'ದ 'ಜ್ಞ' ಕೂಡ ಅದೇ ವಂಶದ್ದು ಎಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ನಾವು ಕನ್ನಡಿಗರು ಜ್ಞಾನ, ವಿಜ್ಞಾನಗಳನ್ನು ಗ್ನಾನ, ವಿಗ್ನಾನ ಅಂತಲೇ ಅನ್ನುತ್ತೇವೆ. ಸಂಸ್ಕೃತ ಬಲ್ಲವರು ಅದಕ್ಕೆ ಮೂಗು ಮುರಿಯುತ್ತಾರೆ. ನನಗೇನೋ ನಮ್ಮ ನಾಲಿಗೆ ಆ ದೂರದ ನೆಂಟಸ್ತಿಕೆಯನ್ನು ಹೇಗೋ ಕಂಡುಕೊಂಡಿದೆ ಅನ್ನಿಸುತ್ತದೆ.

'ಮತ್ತೆ' ಎಂಬ ಮಾತು ಒಳಗೇ ಇರುವುದರಿಂದ, ಎಂದೂ ನೋಡದ, ಕೇಳದವರನ್ನು ಈ ಅರ್ಥದಲ್ಲಿ ರೆಕಗ್ನೈಸ್ ಮಾಡಲು ಬರುವುದಿಲ್ಲ. ಪುಟ್ಟಿ ಮೊದಲ ವಾಕ್ಯ ತಾನೇ ಬರೆದಳು. ನಮ್ಮ ಬೀದಿಯ ನಾಯಿ ತಾತನ ಕೆಮ್ಮನ್ನು ಗುರುತಿಸುತ್ತದೆ, ಎಂದು. ನಿಜವೇ. ಬಿಸ್ಕತ್ತು ಹಾಕುವವನು ನಾನು.

ಎರಡನೆಯ ವಾಕ್ಯಕ್ಕೆ ಮೊಬೈಲ್ ಬಂತು. ಮುಖ ನೋಡಿ ಬೀಗ ತೆರೆಯುವ ಫೋನು. ನನ್ನ ವಯಸ್ಸಿನವರಿಗೆ ಇದರ ಗೋಳು ಚೆನ್ನಾಗಿ ಗೊತ್ತು. ಪಿಂಚಣಿ ಬರುತ್ತಿರಬೇಕಾದರೆ ಪ್ರತಿ ನವೆಂಬರಿನಲ್ಲಿ ನಾವು ಇನ್ನೂ ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡಬೇಕು. 2014ರಲ್ಲಿ ಅದಕ್ಕೆ ಬೆರಳಚ್ಚಿನ ಯಂತ್ರ ಬಂತು. 37 ವರ್ಷ ನೋಟು ಎಣಿಸಿ, ಲೆಡ್ಜರ್ ತಿರುವಿ ಸವೆದ ನನ್ನ ಬೆರಳನ್ನು ಆ ಯಂತ್ರ ಮೂರು ಸಲ ಒತ್ತಿದರೂ ಒಪ್ಪುತ್ತಿರಲಿಲ್ಲ. 2021ರಿಂದ ಮುಖವನ್ನೇ ನೋಡಿ ಗುರುತಿಸುವ ಏರ್ಪಾಡು ಬಂದಿದೆ. ಸೊಸೆ ಫೋನು ಹಿಡಿದು "ಮಾವ, ಕಣ್ಣು ಮಿಟುಕಿಸಿ, ಇನ್ನೊಂದ್ಸಲ ಮಿಟುಕಿಸಿ" ಅನ್ನುತ್ತಾಳೆ. ನನಗೆ ದಮಯಂತಿಯ ಸ್ವಯಂವರ ನೆನಪಾಗುತ್ತದೆ. ನಾಲ್ವರು ದೇವತೆಗಳು ನಳನ ರೂಪದಲ್ಲೇ ಬಂದು ಸಾಲಾಗಿ ಕೂತಾಗ ಅವಳು ಗುರುತು ಹಿಡಿದದ್ದು ಹೀಗೇ ಅಲ್ಲವೇ? ದೇವತೆಗಳು ಕಣ್ಣು ಮಿಟುಕಿಸುವುದಿಲ್ಲ, ಮನುಷ್ಯ ಮಿಟುಕಿಸುತ್ತಾನೆ.

ಮೂರನೆಯ ಅರ್ಥಕ್ಕೆ ಪುಟ್ಟಿಯ ಶಾಲೆಯ ಬೋರ್ಡೇ ಸಾಕಾಯಿತು. ಸರ್ಕಾರದಿಂದ ಮಾನ್ಯತೆ ಪಡೆದದ್ದು ಅಂತ ಅದರ ಮೇಲಿದೆ. ಅಲ್ಲಿ 'ಗುರುತಿಸಿದ' ಅಂತ ಬರೆದರೆ ನಗೆಪಾಟಲು. ಕನ್ನಡದಲ್ಲಿ ಎರಡು ಮಾತುಗಳಿರುವ ಕಡೆ ಇಂಗ್ಲಿಷಿನವರು ಒಂದರಲ್ಲೇ ಸುಧಾರಿಸುತ್ತಾರೆ. ನಾನು ಬಿ.ಕಾಂ. ಓದುತ್ತಿದ್ದಾಗ, 1971ರ ಡಿಸೆಂಬರ್ 6ರಂದು, ಭಾರತ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತು. ಹಾಸ್ಟೆಲಿನ ರೇಡಿಯೋ ಸುತ್ತ ನಾವೆಲ್ಲ ಗುಂಪುಗೂಡಿದ್ದೆವು. ಪಾಕಿಸ್ತಾನ ಆ ದೇಶಕ್ಕೆ ಮಾನ್ಯತೆ ಕೊಟ್ಟದ್ದು 1974ರ ಫೆಬ್ರವರಿಯಲ್ಲಿ. ಹಾಗಾದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಪಾಕಿಸ್ತಾನಕ್ಕೆ ಬಾಂಗ್ಲಾದೇಶ ಎಲ್ಲಿದೆ, ಏನು ಅಂತ ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹೌದು ಎಂದು ಬಾಯಿಬಿಟ್ಟು ಹೇಳಲಿಲ್ಲ.

ನಾಲ್ಕನೆಯದು ಮನ್ನಣೆ. ನಾನು ನಿವೃತ್ತನಾದ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರದ ಕೆಳಗೆ 'ದೀರ್ಘ ಸೇವೆಯನ್ನು ಗುರುತಿಸಿ' ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ್ದಾರೆ. ಗಡಿಯಾರ ನಿಂತು ಎಂಟು ವರ್ಷವಾಯಿತು, ಅಕ್ಷರಗಳು ಮಾತ್ರ ಹೊಳೆಯುತ್ತಿವೆ. ಪುಟ್ಟಿ ಅದನ್ನು ನೋಡಿಕೊಂಡೇ ವಾಕ್ಯ ಬರೆದಳು.

ನಡುವೆ ಒಂದು ಮಾತು. ನಿವೃತ್ತರ ಸಭೆಗಳಲ್ಲಿ ನನ್ನ ಹಳೆಯ ಸಹೋದ್ಯೋಗಿಗಳು ಕೈ ಕುಲುಕುತ್ತಾ "ಐ ಆಮ್ ನಾಟ್ ರೆಕಗ್ನೈಸಿಂಗ್ ಯು" ಅನ್ನುತ್ತಾರೆ. "ಗುರುತು ಸಿಗ್ತಾ ಇಲ್ಲ" ಎಂಬ ನಮ್ಮ ಮಾತನ್ನೇ ಇಂಗ್ಲಿಷಿಗೆ ಹೊಲಿದದ್ದು. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಈ ಅರ್ಥದಲ್ಲಿ ಸಾಮಾನ್ಯವಾಗಿ 'ಇಂಗ್' ಹಚ್ಚುವುದಿಲ್ಲ. "ಐ ಡೋಂಟ್ ರೆಕಗ್ನೈಸ್ ಯು" ಅನ್ನಬೇಕು. ಮಕ್ಕಳು ನೆನಪಿಟ್ಟುಕೊಳ್ಳಿ. ಹಿರಿಯರನ್ನು ತಿದ್ದಲು ಮಾತ್ರ ಹೋಗಬೇಡಿ.

"ನಾಲ್ಕಾಯ್ತು ತಾತ. ಐದನೆಯದು?"

ಡಿಕ್ಷನರಿಯ ಸಾಲಿನ ಕೊನೆಯಲ್ಲಿ ಇನ್ನೊಂದು ಅರ್ಥವಿತ್ತು. ಪರಿಚಯದವರು ಎದುರಾದಾಗ ತಲೆಯಾಡಿಸಿಯೋ ಮಾತಾಡಿಸಿಯೋ ಪರಿಚಯವಿದೆ ಎಂದು ತೋರಿಸಿಕೊಳ್ಳುವುದು. ಅದನ್ನು ಓದಿ ಹೇಳಿದೆ. ಉದಾಹರಣೆ ಕೊಡು ಅಂದಳು. ಉದಾಹರಣೆ ಬಾಯಿಗೆ ಬಂದೇಬಿಟ್ಟಿತು. 1986ರಿಂದ ಅದು ಅಲ್ಲೇ ಇತ್ತು.

ಆಗ ನಾನು ನಮ್ಮೂರಿನ ಶಾಖೆಗೆ ವರ್ಗ ಮಾಡಿಸಿಕೊಂಡು ಬಂದು ಒಂದು ವರ್ಷವಾಗಿತ್ತು. ಕೊಬ್ಬರಿ ವ್ಯಾಪಾರದ ಊರು. ತಿಂಗಳ ಮೊದಲ ವಾರ, ಸಂತೆಯ ದಿನ ಬೇರೆ, ಕೌಂಟರಿನ ಮುಂದೆ ಜನವೋ ಜನ. ಜಾಲರಿಯ ಆಚೆಯಿಂದ ಒಂದು ಕೈ ಪಾಸ್‌ಬುಕ್ಕನ್ನೂ ಹಣ ತೆಗೆಯುವ ಫಾರಮ್ಮನ್ನೂ ಒಳಗೆ ತಳ್ಳಿತು. ಕೈ ನಡುಗುತ್ತಿತ್ತು. ತಲೆ ಎತ್ತಿ ನೋಡಿದರೆ ನಮ್ಮ ಇಂಗ್ಲಿಷ್ ಮೇಷ್ಟ್ರು, ಅದೇ ಚಪ್ಪಾಳೆ ಮೇಷ್ಟ್ರು. ಎಪ್ಪತ್ತು ದಾಟಿತ್ತು. ಅವರು ಮುಗುಳ್ನಕ್ಕರು, ನಾನೂ ನಕ್ಕೆ. ಫಾರಂ ತೆಗೆದುಕೊಂಡು ಹಿತ್ತಾಳೆ ಟೋಕನ್ ಕೊಟ್ಟೆ. ನಾಲ್ಕು ನೂರು ರೂಪಾಯಿ.

ಲೆಡ್ಜರಿನಲ್ಲಿ ಬರೆದು ಫಾರಮ್ಮನ್ನು ಆಫೀಸರ ಮೇಜಿಗೆ ಕಳಿಸಿದೆ. ಆ ಕಾಲದಲ್ಲಿ ಖಾತೆದಾರರ ಮಾದರಿ ಸಹಿಯ ಕಾರ್ಡುಗಳು ಒಂದು ಉದ್ದನೆಯ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಕಾರ್ಡಿನ ಸಹಿಗೂ ಫಾರಮ್ಮಿನ ಸಹಿಗೂ ತಾಳೆ ನೋಡಿದ ಮೇಲೇ ಹಣ. ಮೇಷ್ಟ್ರ ಕಾರ್ಡಿನಲ್ಲಿದ್ದದ್ದು ಬೋರ್ಡಿನ ಮೇಲೆ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ ಕೈಯ ಸಹಿ. ಫಾರಮ್ಮಿನಲ್ಲಿದ್ದದ್ದು ಇರುವೆಯೊಂದು ಶಾಯಿಯಲ್ಲಿ ಬಿದ್ದು ಕಾಗದದ ಮೇಲೆ ನಡೆದುಹೋದಂತೆ ಇತ್ತು.

ಆಫೀಸರು ಎದ್ದು ನನ್ನ ಬಳಿಗೇ ಬಂದರು. "ಏನ್ರೀ ಇದು, ಸಹಿ ಹೊಂದೋದೇ ಇಲ್ಲ. ಇವರು ನಿಮಗೆ ಗೊತ್ತೇನ್ರೀ? ಗೊತ್ತಿದ್ರೆ ಹಿಂದುಗಡೆ ನೀವೊಂದು ಸಹಿ ಹಾಕಿ, ಪಾಸ್ ಮಾಡ್ತೀನಿ."

ಗೊತ್ತೇ ಅಂದರೆ! ಮೂರು ವರ್ಷ ಅವರ ಮುಂದೆ ಕೂತಿದ್ದೆ. ಒಂಬತ್ತನೇ ತರಗತಿಯಲ್ಲಿ ಅವರು ವಾರ್ಷಿಕೋತ್ಸವಕ್ಕೆ ಶಾಕುಂತಲ ನಾಟಕ ಆಡಿಸಿದಾಗ ಉಂಗುರ ನುಂಗಿದ ಮೀನು ಹಿಡಿಯುವ ಬೆಸ್ತ ನಾನೇ. ನನ್ನ ಮುಖಕ್ಕೆ ಮಸಿ ಬಳಿದದ್ದು ಅವರದೇ ಕೈ. ಆದರೆ ಹಿಂದಿನ ತಿಂಗಳಷ್ಟೇ ಪಕ್ಕದ ಊರಿನ ಶಾಖೆಯಲ್ಲಿ ಹೀಗೆ ಗುರುತು ಹೇಳಿ ಸಹಿ ಹಾಕಿದ ಗುಮಾಸ್ತರೊಬ್ಬರಿಗೆ ಮೆಮೋ ಬಂದಿತ್ತು. ಹಣ ತೆಗೆದುಕೊಂಡು ಹೋದವನು ಬೇರೆಯವನಾಗಿದ್ದ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ತಲೆಯ ಮೇಲೆ ಮನೆಸಾಲ. ಇಲ್ಲಿ ಮೇಷ್ಟ್ರು ಎದುರಿಗೇ ನಿಂತಿದ್ದಾರೆ, ಬೇರೆಯವರಾಗುವ ಮಾತೇ ಇಲ್ಲ ಎಂದು ಯೋಚಿಸುವಷ್ಟು ಬುದ್ಧಿ ಆ ಗಳಿಗೆಯಲ್ಲಿ ಓಡಲಿಲ್ಲ. ಓಡಿಸಲಿಲ್ಲ ಅಂದರೆ ಸರಿಯಾದೀತು.

"ಊರಿನವರೇ ಸಾರ್. ಅಷ್ಟಾಗಿ ಪರಿಚಯ ಇಲ್ಲ" ಅಂದೆ.

ಜಾಲರಿಗೂ ನನಗೂ ಎರಡು ಮೊಳ ದೂರ. ಮೇಷ್ಟ್ರಿಗೆ ಕೈ ನಡುಗುತ್ತಿತ್ತೇ ಹೊರತು ಕಿವಿ ಚುರುಕಾಗಿತ್ತು. ಅವರು ಏನೂ ಅನ್ನಲಿಲ್ಲ. ಪಾಸ್‌ಬುಕ್ ಹಿಂದಕ್ಕೆ ಕೊಟ್ಟು, ಟೋಕನ್ ಕೊಡಿ ಅಂದೆ. ಟೋಕನ್ ಇಡಲು ಹೋದಾಗ ಅದು ಕೌಂಟರಿನ ಹಲಗೆಯ ಮೇಲೆ ಟಕಟಕಟಕ ಅಂತ ಬಹಳ ಹೊತ್ತು ಬಡಿದುಕೊಂಡಿತು.

ಸಹಿ ಮಾಡಲಾಗದ ಖಾತೆದಾರರು ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತಿ ಹಣ ಪಡೆಯಬಹುದು ಎಂದು ಬ್ಯಾಂಕುಗಳಲ್ಲಿ ನಿಯಮವಿದೆ. ಆಫೀಸರು ಅದನ್ನು ಅವರಿಗೆ ತಿಳಿಸಿದರು, ಗೌರವದಿಂದಲೇ. ಮುಂದಿನ ವಾರ ಮೇಷ್ಟ್ರು ಕಿರಾಣಿ ಅಂಗಡಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಬಂದರು. ಅವರು ಒಂದು ಸಾಕ್ಷಿ. ಊರಿಗೆ ಬಂದು ಆರು ತಿಂಗಳೂ ಆಗದ ನಮ್ಮ ಆಫೀಸರು ಇನ್ನೊಂದು ಸಾಕ್ಷಿ. ಇಂಕ್ ಪ್ಯಾಡ್ ಇದ್ದದ್ದು ನನ್ನ ಮೇಜಿನ ಮೇಲೆ. ನಾನೇ ಮುಚ್ಚಳ ತೆಗೆದು ಹಿಡಿದೆ. ನನಗೆ ಸ್ಪೆಲ್ಲಿಂಗ್ ಕಲಿಸಿದವರು ನನ್ನ ಮುಂದೆ ಹೆಬ್ಬೆರಳು ಅದ್ದಿಕೊಂಡು ಕೇಳಿದರು.

"ಎಲ್ಲಿ ಒತ್ತಬೇಕು ಸಾರ್?"

ಹೈಸ್ಕೂಲಿನಲ್ಲಿ ನನ್ನನ್ನು 'ಲೋ ಬೆಸ್ತ' ಅಂತ ಕರೆಯುತ್ತಿದ್ದವರು.

ಪುಟ್ಟಿ ಪೆನ್ಸಿಲ್ ಕಚ್ಚಿಕೊಂಡು ಕೇಳುತ್ತಿದ್ದಳು. "ಆಮೇಲೆ ಸಾರಿ ಕೇಳಿದ್ಯಾ ತಾತ?"

"ಇಲ್ಲಮ್ಮ."

"ಯಾಕೆ?"

ಯಾಕೆ ಅಂದರೆ ಏನು ಹೇಳಲಿ. ಇವತ್ತು ಕೇಳೋಣ, ಭಾನುವಾರ ಅವರ ಮನೆಗೇ ಹೋಗೋಣ ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆಯಿತು. ಒಮ್ಮೆ ಪೇಟೆಬೀದಿಯಲ್ಲಿ ಎದುರಾದಾಗ ನಾನು ರಸ್ತೆಯ ಆ ಕಡೆಗೆ ದಾಟಿಕೊಂಡದ್ದೂ ಉಂಟು. 1988ರಲ್ಲಿ ಅವರು ತೀರಿಕೊಂಡರು. ಹೋಗಿ ಹಾರ ಹಾಕಿ ಬಂದೆ. ಒಳಗೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದ ನನ್ನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. "ಇದನ್ನ ನನಗೂ ಹೇಳಿರಲಿಲ್ಲವಲ್ಲ ನೀವು" ಅಂದಳು. ಹೇಳಿರಲಿಲ್ಲ.

"ಅವತ್ತು ನಿಂಗೆ ಗುರುತು ಸಿಗಲಿಲ್ಲ ಅಂತ ಇಟ್ಕೊಳೋಣ ತಾತ" ಅಂದಳು ಪುಟ್ಟಿ, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

ಆಗ ಅವಳಿಗೆ ಕನ್ನಡದ ಪಾಠ ಮಾಡಬೇಕಾಯಿತು. ನೋಡಿ, ನಮ್ಮಲ್ಲಿ ಎಂಥ ಅನುಕೂಲವಾದ ಮಾತಿದೆ. 'ನನಗೆ ಗುರುತು ಸಿಗಲಿಲ್ಲ.' ಇದರಲ್ಲಿ ನನ್ನ ತಪ್ಪೇನಿದೆ? ಕಳೆದ ಬೀಗದ ಕೈ ಹಾಗೆ ಗುರುತು ಎಲ್ಲೋ ಬಿದ್ದಿತ್ತು, ಸಿಗಲಿಲ್ಲ. ನಮ್ಮ ಉತ್ತರ ಕರ್ನಾಟಕದವರು 'ಗುರ್ತು ಹತ್ತಲಿಲ್ಲ' ಅನ್ನುತ್ತಾರೆ. ಅದೂ ಅಷ್ಟೆ, ಬೆಂಕಿ ಹತ್ತಲಿಲ್ಲ ಅಂದ ಹಾಗೆ. ಆದರೆ 'ನಾನು ಗುರುತಿಸಲಿಲ್ಲ' ಅಂದರೆ ಅಲ್ಲಿ 'ನಾನು' ಎದ್ದು ನಿಂತುಬಿಡುತ್ತೇನೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಕುಡ್ ನಾಟ್ ರೆಕಗ್ನೈಸ್', ಎರಡನೆಯದು 'ಡಿಡ್ ನಾಟ್ ರೆಕಗ್ನೈಸ್'. ಡಿಡ್ ನಾಟ್ ಅಂದರೆ ಆಗದೇ ಹೋದದ್ದೂ ಇರಬಹುದು, ಮಾಡದೇ ಬಿಟ್ಟದ್ದೂ ಇರಬಹುದು. ಕುಡ್ ನಾಟ್ ಅಂದುಬಿಟ್ಟರೆ ಮಾತ್ರ ಮಾಫಿ.

ಮೇಷ್ಟ್ರು ಆಡಿಸಿದ ನಾಟಕದ ಕತೆಯನ್ನೇ ತೆಗೆದುಕೊಳ್ಳಿ. ಕಾಳಿದಾಸ ಅದಕ್ಕೆ ಇಟ್ಟ ಹೆಸರು ಅಭಿಜ್ಞಾನ ಶಾಕುಂತಲ. ಅಭಿಜ್ಞಾನ ಅಂದರೆ ಗುರುತು. ಅಲ್ಲೂ ಅದೇ 'ಜ್ಞ' ಇದೆ. ದೂರ್ವಾಸರ ಶಾಪದಿಂದ ದುಷ್ಯಂತನಿಗೆ ಮರೆವು ಬರುತ್ತದೆ, ಉಂಗುರ ನೀರಿಗೆ ಬೀಳುತ್ತದೆ, ಶಕುಂತಲೆ ಎದುರು ನಿಂತರೂ ಗುರುತು ಸಿಗುವುದಿಲ್ಲ. ಪಾಪ, ರಾಜನದೇನು ತಪ್ಪು ಅಂತ ನಾವು ಅಂದುಕೊಳ್ಳುತ್ತೇವೆ. ನಿವೃತ್ತನಾದ ಮೇಲೆ ಪುರುಸೊತ್ತು ಸಿಕ್ಕಿ ಮಹಾಭಾರತದ ಆದಿಪರ್ವ ಓದಿದಾಗ ನಾನು ಬೆಚ್ಚಿಬಿದ್ದೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ, ಮೀನೂ ಇಲ್ಲ, ನನ್ನ ಬೆಸ್ತನ ಪಾತ್ರವಂತೂ ಇಲ್ಲವೇ ಇಲ್ಲ! ಶಕುಂತಲೆ ಮಗನ ಕೈ ಹಿಡಿದು ಸಭೆಗೆ ಬಂದಾಗ ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ, ನೀನು ಯಾರೋ ನನಗೆ ತಿಳಿಯದು ಅನ್ನುತ್ತಾನೆ. ಇವಳು ನಿನ್ನ ಹೆಂಡತಿಯೇ, ಇವನು ನಿನ್ನ ಮಗನೇ ಎಂದು ಆಕಾಶವಾಣಿಯಾದ ಮೇಲೆ, ನನಗೂ ಗೊತ್ತಿತ್ತು, ಇವಳ ಮಾತೊಂದನ್ನೇ ನಂಬಿ ಒಪ್ಪಿಕೊಂಡಿದ್ದರೆ ಜನ ಸಂಶಯಪಡುತ್ತಿದ್ದರು ಎಂದು ಮಂತ್ರಿಗಳಿಗೆ ಹೇಳುತ್ತಾನೆ. ಅವನಿಗೆ ಜನರ ಭಯ, ನನಗೆ ಮೆಮೋದ ಭಯ. ಕಾಳಿದಾಸ ದೊಡ್ಡ ಮನಸ್ಸಿನವನು, ಆ ರಾಜನಿಗೆ ಶಾಪವನ್ನೂ ಉಂಗುರವನ್ನೂ ದಯಪಾಲಿಸಿ 'ಡಿಡ್ ನಾಟ್' ಇದ್ದದ್ದನ್ನು 'ಕುಡ್ ನಾಟ್' ಮಾಡಿಕೊಟ್ಟ.

ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಐದನೆಯ ವಾಕ್ಯ ಬರೆದುಕೊಂಡಳು. ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಕಾಫಿ ಹೊತ್ತಾಗಿತ್ತು.

ಬುಧವಾರ ಸಂಜೆ ಶಾಲೆಯಿಂದ ಬಂದವಳೇ ಚೀಲ ಬಿಸಾಕಿ ನೋಟ್‌ಬುಕ್ ತೆರೆದು ನನ್ನ ಮುಂದೆ ಹಿಡಿದಳು. ನಾಲ್ಕು ವಾಕ್ಯಗಳಿಗೆ ಸರಿ ಗುರುತು ಬಿದ್ದಿತ್ತು. ಐದನೆಯದು 'ಮೈ ಗ್ರ್ಯಾಂಡ್‌ಫಾದರ್ ಡಿಡ್ ನಾಟ್ ರೆಕಗ್ನೈಸ್ ಹಿಸ್ ಟೀಚರ್' ಅಂತ ಇತ್ತು. 'ಜಿ' ಅದರ ಜಾಗದಲ್ಲೇ ಇತ್ತು. ಮಿಸ್ಸು 'ಡಿಡ್ ನಾಟ್' ಅನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಮೇಲೆ ದುಂಡಗೆ 'ಕುಡ್ ನಾಟ್' ಅಂತ ಬರೆದಿದ್ದರು. ವಯಸ್ಸಾದ ತಾತ, ಮರೆವು ಇರಬೇಕು ಅಂದುಕೊಂಡಿರಬಹುದು. ಒಳ್ಳೆಯ ಮನಸ್ಸಿನ ಹುಡುಗಿ.

"ನಂದೇ ಸರಿ ಅಂತ ಮಿಸ್ಸಿಗೆ ಹೇಳ್ಲಾ ತಾತ?"

"ಹೇಳು."

"ಯಾಕೆ ಸರಿ ಅಂತ ಕೇಳ್ತಾರೆ. ಕತೆಯೆಲ್ಲ ಹೇಳ್ಬೇಕಾಗುತ್ತೆ."

"ಹೇಳು."

"ನಿಮ್ಮ ಮೇಷ್ಟ್ರ ಹೆಸರೂ ಹೇಳ್ಲಾ?"

ಹೇಳು ಅಂದೆ. ಅವಳು ಪೆನ್ಸಿಲ್ ತೆಗೆದುಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ ಹೆಸರು ಬರೆಸಿದೆ.